ಎರ್ಮಿಂದಾಳ ಬಾಗಿಲಿಗೆ ಬಾರದ ದೆವ್ವ

ನಮ್ಮ ಅಗ್ವಾಚಿಕಾದಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಬೇಲಿಯ ಗೇಟಿನ ಹತ್ತಿರ ನಿಂತು, ಎದೆಯ ತುಂಬ ಗಾಳಿ ಎಳೆದುಕೊಂಡು, "ಅಲೋ...!" ಎಂದು ಕೂಗುತ್ತಾರೆ. ಒಳಗಿನವರಿಗೆ ಕಿವಿ ಮಂದವಾಗಿದ್ದರೆ ಇನ್ನೊಂದು ಸಲ ಕೂಗುತ್ತಾರೆ. ಸತ್ತಿದ್ದರೆ ಮೂರನೇ ಸಲ ಕೂಗಿ, ಆಮೇಲೆ ಪಕ್ಕದ ಮನೆಯ ಗೇಟಿಗೆ ಹೋಗಿ ಅಲ್ಲಿ ಕೂಗುತ್ತಾರೆ. ಪಾದ್ರಿಯೂ ಹೀಗೇ, ಪೊಲೀಸಿನವನೂ ಹೀಗೇ. ಒಂದು ವರ್ಷ ರಾಜಧಾನಿ ಸಾಂತಿಯಾಗೋದಿಂದ ಹೊಸ ನರ್ಸಮ್ಮ ಒಬ್ಬಳು ಬಂದು, ಲಸಿಕೆಯ ಡಬ್ಬ ಹಿಡಿದುಕೊಂಡು ಮೊದಲ ದಿನವೇ ಹನ್ನೊಂದು ಮನೆಯ ಬಾಗಿಲನ್ನು ಟಕ್ ಟಕ್ ಎಂದು ತಟ್ಟಿದಳು. ಹನ್ನೊಂದರಲ್ಲೂ ಯಾರೂ ಉಸಿರೆತ್ತಲಿಲ್ಲ. "ಊರಿನಲ್ಲಿ ಜನವಸತಿ ಇಲ್ಲ" ಎಂದು ವರದಿ ಬರೆದುಕೊಂಡು ಅವಳು ಸಂಜೆಯ ಬಸ್ಸಿಗೇ ಇಳಿದುಹೋದಳು. ಆ ವರ್ಷ ನಮ್ಮೂರಿನ ಮಕ್ಕಳು ದಡಾರವನ್ನು ಬರಿಗೈಯಲ್ಲಿ ಎದುರಿಸಿ ಗೆದ್ದರು.

ನಮ್ಮೂರಿನಲ್ಲಿ ಬಾಗಿಲು ತಟ್ಟುವ ಹಕ್ಕು ಇರುವುದು ಒಬ್ಬನಿಗೇ. ಅವನು ಸತ್ತು ಎಪ್ಪತ್ತನಾಲ್ಕು ವರ್ಷವಾಗಿತ್ತು, ನಾನು ಹೇಳುವ ಈ ಸಂಗತಿ ನಡೆದಾಗ.

ಅವನನ್ನು ಊರು 'ತುರ್ಕ' ಎನ್ನುತ್ತದೆ. ಸಮುದ್ರದಾಚೆಯ ಯಾವುದೋ ಅರಬ್ಬರ ಊರಿನಿಂದ ಬಂದವನಂತೆ. ಹೆಸರು ಯಾರಿಗೂ ನೆನಪಿಲ್ಲ. ಹೇಸರಗತ್ತೆಯ ಬೆನ್ನಿಗೆ ಬಟ್ಟೆಯ ಗಂಟು ಹೇರಿಕೊಂಡು, ಕಣಿವೆ ಹತ್ತಿ ಬಂದು, ಗಜಕೋಲಿನಿಂದ ಒಂದೊಂದೇ ಬಾಗಿಲನ್ನು ಮೂರು ಸಲ ಬಡಿದು, "ಏನಮ್ಮಾ, ಮನೇಲಿ ಏನು ಕಮ್ಮಿ?" ಎಂದು ಕೇಳುತ್ತಿದ್ದನಂತೆ. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರ ಚಳಿಗಾಲದಲ್ಲಿ ಊರ ಕೆಳಗಿನ ಇಳಿಜಾರಿನಲ್ಲಿ ಅವನ ಹೆಣ ಸಿಕ್ಕಿತು. ತಲೆ ಒಡೆದಿತ್ತು, ಬಟ್ಟೆಯ ಗಂಟು ಇರಲಿಲ್ಲ. ಹೇಸರಗತ್ತೆ ಮಾತ್ರ ಊರ ತುದಿಯ ನಿಕಾನೋರ್ ತಾಬಿಲೊ ಎಂಬುವನ ಹಿತ್ತಲಿನಲ್ಲಿ ಕಟ್ಟಿಹಾಕಿತ್ತು. ಪೊಲೀಸರು ನಿಕಾನೋರನನ್ನು ಹಿಡಿದೊಯ್ದರು. ವಿಚಾರಣೆಯ ಉದ್ದಕ್ಕೂ ಅವನು ಆಡಿದ್ದು ಒಂದೇ ಮಾತಂತೆ: "ಅದಕ್ಕೆ ಬಾಯಾರಿತ್ತು." ನ್ಯಾಯಾಧೀಶರು ಇದನ್ನು ಸೊಕ್ಕು ಎಂದು ತಿಳಿದರು, ವಕೀಲ ಹುಚ್ಚು ಎಂದ. ನಾಲ್ಕನೇ ವರ್ಷ ನಿಕಾನೋರ್ ಜೈಲಿನಲ್ಲಿ ಕೆಮ್ಮಿ ಕೆಮ್ಮಿ ತೀರಿಹೋದ.

ಅಂದಿನಿಂದ ತುರ್ಕ ಊರು ಸುತ್ತುತ್ತಾನೆ. ನಿರ್ದಿಷ್ಟ ವೇಳೆ ಅಂತಿಲ್ಲ, ವ್ಯಾಪಾರಿ ತಾನೇ. ಮೂರು ಸಲ ತಟ್ಟುತ್ತಾನೆ, ಏನು ಕಮ್ಮಿ ಎಂದು ಕೇಳುತ್ತಾನೆ. ಉತ್ತರ ಕೊಟ್ಟರೆ ಕೆಟ್ಟಿರಿ. ಕಮ್ಮಿ ಇದ್ದದ್ದನ್ನು ಕೊಟ್ಟು, ಹೆಚ್ಚಿರುವುದನ್ನು ಒಯ್ಯುತ್ತಾನೆ. ಮಳೆ ಕಮ್ಮಿ ಎಂದವನ ಹೊಲಕ್ಕೆ ಮಳೆ ಬಂತು, ಆದರೆ ಎಂಟು ಮಕ್ಕಳಿದ್ದವನಿಗೆ ಆರು ಉಳಿದವು. ಹೀಗೆಂದು ಕತೆ. ಈ ಭಾಗದಲ್ಲಿ ಭೂಮಿ ವಾರಕ್ಕೆ ಎರಡು ಸಲ ನಡುಗುತ್ತದೆ, ಬಾಗಿಲುಗಳು ಬಡಿದುಕೊಳ್ಳುತ್ತವೆ, ಮೇಕೆಗಳು ಕೋಡಿನಿಂದ ಹಲಗೆ ಗುದ್ದುತ್ತವೆ, ಇದೆಲ್ಲ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಾಲ್ವತ್ತು ಮನೆಯವರಲ್ಲಿ ತುರ್ಕ ತನ್ನ ಮನೆಯ ಬಾಗಿಲು ತಟ್ಟಿಲ್ಲ ಎನ್ನುವವರು ಒಬ್ಬರೂ ಇರಲಿಲ್ಲ. ಅದೊಂದು ಅಂತಸ್ತು.

ಒಂದು ಮನೆಯನ್ನು ಬಿಟ್ಟು.

ಅದು ನಿಕಾನೋರನ ಮೊಮ್ಮಗಳು ಎರ್ಮಿಂದಾಳ ಮನೆ. "ಕೊಂದವನ ಮನೇಲಿ ಅವನು ದಾರದ ಉಂಡೇನೂ ಮಾರಲ್ಲ" ಎಂದು ಊರು ನಗುತ್ತಿತ್ತು. ದೆವ್ವವೇ ಹೋಗದ ಮನೆಗೆ ಮನುಷ್ಯರು ಹೋಗುವುದುಂಟೆ? ಅವಳ ಗೇಟಿನಲ್ಲಿ ನಿಂತು "ಅಲೋ" ಎಂದು ಕೂಗಿದ ಕೊನೆಯ ಮಹಾಶೂರ ದೆಲ್ಫೀನ್ ಅರಾಯಾ ಎಂಬ ಗಣಿಕೂಲಿ. ಅವನು ಸತತ ಎರಡು ತಿಂಗಳು, ಪ್ರತಿ ಭಾನುವಾರ, ಕೂದಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ಕೂಗಿದ. ಒಂಬತ್ತನೇ ಭಾನುವಾರ ಅವನ ತಾಯಿ ಸಾಯುತ್ತೇನೆಂದು ಮಲಗಿಬಿಟ್ಟಳು. ಅವನು ಉತ್ತರದ ಗಣಿಗಳಿಗೆ ಹೊರಟುಹೋದ ಮಾರನೇ ದಿನ ಎದ್ದು ಕೂತು ರೊಟ್ಟಿ ಕೇಳಿದಳು. ಆಗ ಎರ್ಮಿಂದಾಗೆ ಇಪ್ಪತ್ನಾಲ್ಕು. ನಾನು ಹೇಳುತ್ತಿರುವ ಕಾಲಕ್ಕೆ ಅರವತ್ತೊಂದು.

ನಾನು ಈ ಊರಿನ ಬಸ್ಸು ಓಡಿಸುವವನು. ಇಪ್ಪತ್ತೆರಡು ವರ್ಷದಿಂದ ಊರಿನ ಅಳಿಯನೂ ಹೌದು. ಹೊರಗಿನವನು ಎಂಬ ಒಂದೇ ಅರ್ಹತೆಯಿಂದ ಎರ್ಮಿಂದಾಳ ಗಿಣ್ಣಿನ ಉಸ್ತುವಾರಿ ನನ್ನ ತಲೆಗೆ ಬಂದಿತ್ತು. ಕಣಿವೆಯಲ್ಲೇ ಅವಳಷ್ಟು ಚೆನ್ನಾಗಿ ಮೇಕೆಹಾಲಿನ ಗಿಣ್ಣು, ಅಂದರೆ ಚೀಸು, ಮಾಡುವವರು ಇರಲಿಲ್ಲ; ಊರಿನವರೆಲ್ಲ ಅದನ್ನೇ ತಿನ್ನುತ್ತಿದ್ದರು, ಆದರೆ ಅವಳ ಗೇಟಿಗೆ ಹೋಗುತ್ತಿರಲಿಲ್ಲ. ನಾನು ಬೆಳಿಗ್ಗೆ ಅವಳ ಮನೆ ಮುಂದೆ ಬಸ್ಸು ನಿಲ್ಲಿಸುತ್ತಿದ್ದೆ, ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಿಣ್ಣು ಕೊಡುತ್ತಿದ್ದಳು, ನಾನು ಇನ್ನೂರು ಗಜ ಕೆಳಗಿಳಿದು ಅದೇ ಗಿಣ್ಣನ್ನು ಬೇರೆ ದೇಶದಿಂದ ಬಂದ ಹಾಗೆ ಹಂಚುತ್ತಿದ್ದೆ. ನನ್ನ ಬಗ್ಗೆ ಹೆಮ್ಮೆಪಡುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ಇಪ್ಪತ್ತೆರಡು ವರ್ಷದಲ್ಲಿ ನಾನೂ ಅವಳ ಗೇಟಿನಲ್ಲಿ "ಅಲೋ" ಎನ್ನಲಿಲ್ಲ. ಹಾರ್ನ್ ಹೊಡೆಯುತ್ತಿದ್ದೆ.

ಅವಳ ಮನೆ ಊರಿಗಿಂತ ಎತ್ತರದಲ್ಲಿ, ರಸ್ತೆ ಮುಗಿಯುವಲ್ಲಿ. ಜೊತೆಗೆ ಇಪ್ಪತ್ತಮೂರು ಮೇಕೆಗಳು. ಅವುಗಳಿಗೆ ಅವಳು ಊರಿನವರ ಹೆಸರಿಟ್ಟಿದ್ದಳು. ಹಾಗಾಗಿ ಅವಳ ಮನೆಯಲ್ಲಿ ದಿನವಿಡೀ ಜನಸಂದಣಿ.

"ಕ್ಲೊರಿಂದಾ, ಬೇಲಿ ಹಾರ್ಬೇಡ್ವೇ, ವಯಸ್ಸಾಯ್ತು ನಿಂಗೆ!" ಎನ್ನುವುದು ಬೆಟ್ಟದಿಂದ ಇಳಿದು ನನ್ನ ಅತ್ತೆ ದೋನ್ಯಾ ಕ್ಲೊರಿಂದಾ ಪಾಸ್ತೇನಳ ಕಿವಿಗೆ ಬೀಳುತ್ತಿತ್ತು. ಅತ್ತೆಗೆ ಎಂಬತ್ತೆರಡು; 'ದೋನ್ಯಾ' ಎಂಬುದು ಹಿರಿಯ ಹೆಂಗಸರಿಗೆ ಊರು ಕೊಡುವ ಗೌರವ. "ಇಸ್ಮೇನಿಯಾ, ಎಷ್ಟು ತಿಂತೀಯೇ, ಹೊಟ್ಟೇನಾ ಅದು?" ಇದು ನನ್ನ ಹೆಂಡತಿ. ಪಾದ್ರಿ ಎಂಬುದೊಂದು ಹೋತ ಇತ್ತು. ಅದರ ನಡತೆಯನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ಹೆಸರಿನದೂ ಒಂದಿತ್ತಂತೆ. ಯಾವುದು ಎಂದು ಕೇಳಿದಾಗ, ಕುಂಟುತ್ತಾ ಎಲ್ಲರ ಹಿಂದೆ ಬರುತ್ತಿದ್ದ ಒಂದನ್ನು ತೋರಿಸಿ, "ಒಳ್ಳೇ ಮೇಕೆ ಕಣಯ್ಯಾ, ಹೊತ್ತಿಗೆ ಸರಿಯಾಗಿ ಬರುತ್ತೆ. ಆದ್ರೆ ಒಳಗೆ ಬಾ ಅಂದ್ರೆ ಬರಲ್ಲ" ಎಂದಳು.

ಇಳಿಜಾರಿನಲ್ಲಿ ತುರ್ಕ ಬಿದ್ದ ಜಾಗದಲ್ಲಿ ಮೊಣಕಾಲೆತ್ತರದ ಪುಟ್ಟ ಗುಡಿಯೊಂದಿದೆ. ನಮ್ಮ ಕಡೆ ದಾರಿಯಲ್ಲಿ ಕೆಟ್ಟ ಸಾವು ಸತ್ತವರಿಗೆಲ್ಲ ಇಂಥ ಗುಡಿ ಕಟ್ಟುತ್ತಾರೆ. ಅವರ ಆತ್ಮ ಅಲ್ಲೇ ಇರುತ್ತದೆ, ಕೇಳಿದ್ದನ್ನು ಕೊಡುತ್ತದೆ ಎಂದು. ತುರ್ಕನ ಗುಡಿಯ ಮೇಲೆ ಕೃತಜ್ಞತೆಯ ಫಲಕಗಳು ತುಂಬಿದ್ದವು. "ಮೇಕೆ ಸಿಕ್ಕಿತು, ಉಪಕಾರವಾಯಿತು." "ಗಂಡ ಮರಳಿ ಬಂದ, ಉಪಕಾರವಾಯಿತು." ಅದರ ಪಕ್ಕದಲ್ಲೇ ಅದೇ ಕೈಬರಹದಲ್ಲಿ, "ಗಂಡ ಮತ್ತೆ ಹೋದ, ಇನ್ನೂ ಉಪಕಾರವಾಯಿತು." ಊರಿನವರು ಬೇಕಾದಾಗ ಹೋಗುತ್ತಿದ್ದರು. ಎರ್ಮಿಂದಾ ಮಾತ್ರ ತಪ್ಪದೆ ಪ್ರತಿ ಸೋಮವಾರ, ಆತ್ಮಗಳ ದಿನ, ಮೇಣದ ಬತ್ತಿ ಹಚ್ಚಿ, ಗುಡಿಸಿ, ಕಲ್ಲಿನ ಮೇಲೆ ಕೂತಿದ್ದು ಬರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೊಂದವನ ವಂಶದವಳು ಏನು ಮುಖ ಇಟ್ಟುಕೊಂಡು ಕೇಳಿಯಾಳು ಎಂದು ಊರು ಮೆಚ್ಚಿತ್ತು.

ಕೇಳುವುದು ಅವಳಿಗೂ ಇತ್ತು. ಒಂದು ಸೋಮವಾರ ಅವಳನ್ನು ಇಳಿಜಾರಿನಿಂದ ಬಸ್ಸಿಗೆ ಹತ್ತಿಸಿಕೊಂಡೆ. ಬೇರೆ ಯಾರೂ ಇರಲಿಲ್ಲ. ನಾಲ್ಕನೇ ತಿರುವಿನಲ್ಲಿ ಕೇಳಿದಳು:

"ನಮ್ಮನೆ ಬಾಗಿಲು ಯಾಕಯ್ಯಾ ತಟ್ಟಲ್ಲ ಅವನು?"

"ಪುಣ್ಯ ಅನ್ಕೋ ಅಕ್ಕ. ತಟ್ಟಿದ್ರೆ ಏನ್ ಮಾಡ್ತಿದ್ದೆ?"

"ತೆಗೀತಿದ್ದೆ. ಕುರ್ಚಿ ಹಾಕಿಟ್ಟಿದೀನಿ."

"ದೆವ್ವಕ್ಕೆ ಕುರ್ಚಿ!"

"ಅಷ್ಟು ಊರು ಸುತ್ತಿರ್ತಾನೆ, ಕಾಲು ನೋಯಲ್ವಾ? ಕೂರಿಸಿ ಒಂದೇ ಒಂದು ಮಾತು ಕೇಳ್ತೀನಿ. ನಿನ್ನ ಹೊಡೆದವನು ನಮ್ಮ ತಾತನೇನಪ್ಪಾ ಅಂತ. ಹೌದು ಅಂದ್ರೆ ಹೌದು. ಅವನೊಬ್ಬನಿಗೇ ತಾನೇ ಗೊತ್ತಿರೋದು? ಊರೋರ ಮನೆಗೆಲ್ಲ ಹೋಗ್ತಾನೆ, ನಮ್ಮನೆಗೆ ಮಾತ್ರ ಬರಲ್ಲ."

ನಾನು ಗೇರ್ ಬದಲಾಯಿಸಿದೆ.

ಇನ್ನು ಆ ಮಹಾದಿನ. ಮಾರ್ಚ್ ತಿಂಗಳು, ಮಧ್ಯಾಹ್ನದ ಊಟ ಮುಗಿಸಿ ಇಡೀ ಊರು ಮಲಗುವ ವೇಳೆ. ಅಂದಿನ ಬಸ್ಸಿನಲ್ಲಿ ಒಬ್ಬ ಅಪರಿಚಿತ ಬಂದಿದ್ದ. ಅರವತ್ತು ದಾಟಿದ ದಢೂತಿ ಮನುಷ್ಯ, ಕಪ್ಪು ಟೊಪ್ಪಿ, ಕೈಯಲ್ಲಿ ಹಳೇ ಚರ್ಮದ ಪೆಟ್ಟಿಗೆ. ಇಳಿಜಾರಿನ ಬುಡದಲ್ಲೇ ನಿಲ್ಲಿಸಲು ಹೇಳಿ, "ಇಲ್ಲಿಂದ ನಡ್ಕೊಂಡೇ ಹತ್ತುತೀನಿ" ಎಂದ. ಟಿಕೆಟ್ಟು ಹರಿದುಕೊಟ್ಟವನು ನಾನು. ಕೈ ಹಿಡಿದು ಇಳಿಸಿದವನು ನಾನು. "ಬಿಸಿಲು ಜಾಸ್ತಿ, ಹುಷಾರು" ಎಂದವನೂ ನಾನೇ. ಇದನ್ನು ದಯವಿಟ್ಟು ಜ್ಞಾಪಕದಲ್ಲಿಟ್ಟುಕೊಳ್ಳಿ.

ಒಂದು ಗಂಟೆಯ ನಂತರ ಊರ ಕೆಳತುದಿಯ ಮನೆಯಲ್ಲಿ ಟಕ್, ಟಕ್, ಟಕ್.

ಊರು ನಿಶ್ಶಬ್ದವಾಯಿತು. ನಾಯಿಗಳೂ ಹುಟ್ಟಿನಿಂದ ಈ ಊರಿನವೇ. ಅವೂ ಬಾಯಿ ಮುಚ್ಚಿದವು. ಎರಡನೇ ಮನೆ. ಟಕ್, ಟಕ್, ಟಕ್. ಮೂರನೇ ಮನೆಯವನು ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದನಂತೆ: ಕಪ್ಪು ಟೊಪ್ಪಿ, ಕೈಯಲ್ಲಿ ಪೆಟ್ಟಿಗೆ, ಮುಖ ಬೆವರಿ ಹೊಳೆಯುತ್ತಿದೆ. ಅಷ್ಟು ಸಾಕಾಯಿತು. ಮೂರು ತಲೆಮಾರು ಕಾದಿದ್ದ ಯುದ್ಧಕ್ಕೆ ಅಗ್ವಾಚಿಕಾ ಸನ್ನದ್ಧವಾಯಿತು. ಅಂದರೆ ಮೂವತ್ತೊಂಬತ್ತು ಮನೆಯ ಗಂಡಸರು ಹೆಂಗಸರು ಏಕಕಾಲದಲ್ಲಿ ಮಂಚದ ಕೆಳಗೆ ನುಸುಳಿದರು. ಅವರಲ್ಲಿ ನಾನೂ ಒಬ್ಬ. ನನ್ನ ಜೇಬಿನಲ್ಲಿ ಆ ಮನುಷ್ಯನ ಟಿಕೆಟ್ಟಿನ ಅರ್ಧ ಚೂರು ಇತ್ತು. ತಲೆಗೆ ಎಲ್ಲ ತಿಳಿದಿತ್ತು, ಆದರೆ ಕಾಲುಗಳು ತಲೆಯನ್ನು ಕೇಳಲಿಲ್ಲ.

"ಸರೀರಿ, ಜಾಗ ಬಿಡಿ!" ಇಸ್ಮೇನಿಯಾ ಪಿಸುಗುಟ್ಟಿದಳು.

"ನಿನ್ನ ಮೊಣಕೈ ನನ್ನ ಹೊಟ್ಟೇಲಿದೆ ಕಣೇ."

"ನಿಮ್ಮ ಹೊಟ್ಟೆ ನನ್ನ ಜಾಗದಲ್ಲಿದೆ."

ಮಂಚದ ಕೆಳಗೆ ತೂರಲಾಗದ ಅತ್ತೆ ಕುರ್ಚಿಯಲ್ಲೇ, ಕಾಲ ಮೇಲೆ ಕೌದಿ ಹೊದ್ದು, ನೆಟ್ಟಗೆ ಕೂತಿದ್ದಳು. ನಮ್ಮ ಬಾಗಿಲಿನಲ್ಲೂ ಟಕ್, ಟಕ್, ಟಕ್. "ಮನೇಲಿ ಯಾರಾದ್ರೂ ಇದೀರಾ?" ಎಂದು ದಣಿದ ದನಿ. ಅತ್ತೆಯ ತುಟಿ ಅಲ್ಲಾಡಿತು. ಹೆಜ್ಜೆಗಳು ಮುಂದೆ ಹೋದವು.

ಟಕ್ ಟಕ್ ಬೆಟ್ಟ ಹತ್ತಿತು. ನಾವು ಕಿವಿಯಲ್ಲೇ ಹಿಂಬಾಲಿಸಿದೆವು. ಅಂಗಡಿಯವನ ಮನೆ, ಬಾವಿಯ ಮನೆ, ಎರಡು ಅಂಜೂರದ ಮರದ ಮನೆ. ಆಮೇಲೆ ತುಂಬ ಹೊತ್ತು ಏನಿಲ್ಲ. ಅದು ಊರು ಮುಗಿದು ಎರ್ಮಿಂದಾಳ ಮನೆಯವರೆಗಿನ ಖಾಲಿ ಜಾಗ. ಆಮೇಲೆ ಮೇಲಿನಿಂದ, ಮೆಲ್ಲಗೆ, ಟಕ್, ಟಕ್, ಟಕ್.

ಮತ್ತು ಒಂದು ಬಾಗಿಲು ತೆರೆದ ಸದ್ದು.

ಅಲ್ಲಿ ನಡೆದದ್ದನ್ನು ಆ ಮನುಷ್ಯನೇ ಆಮೇಲೆ ನನಗೆ ಬಸ್ಸಿನಲ್ಲಿ ಹೇಳಿದ. ಬಾಗಿಲು ತೆರೆದ ಹೆಂಗಸು ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳಂತೆ. ಹೊಸ ಏಪ್ರನ್ ಕಟ್ಟಿಕೊಂಡು ಬರುತ್ತೇನೆ, ಒಂದು ನಿಮಿಷ ಎಂದು ಒಳಗೆ ಹೋದಳಂತೆ. ಬಂದು, ಬಾಗಿಲಿಗೆ ಎದುರಾಗಿ ಹಾಕಿದ್ದ ಹುಲ್ಲಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ತಡವಾಗಿ ಬಂದ್ರಿ" ಎಂದಳಂತೆ.

"ದಾರಿ ಕಡಿದು ತಾಯಿ, ಏದುಸಿರು ಬಂತು" ಎಂದ ಇವನು.

"ನಿಮಗೆ ಉಸಿರು ಇದೆಯಾ?"

"ಇನ್ನೂ ಸ್ವಲ್ಪ ಇದೆ. ಯಾಕೆ?"

ಅವಳು ಅವನ ಕೈ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಮುಖ ಸಪ್ಪಗಾಯಿತಂತೆ. ಬದುಕಿರುವುದಕ್ಕಾಗಿ ಯಾರ ಮುಂದೆಯಾದರೂ ತಪ್ಪಿತಸ್ಥನ ಹಾಗೆ ನಿಂತದ್ದು ತನ್ನ ಜೀವನದಲ್ಲಿ ಅದೊಂದೇ ಸಲ ಎಂದ. ಆದರೂ ಅವಳು ಚಹಾ ಕೊಟ್ಟಳು, ಗಿಣ್ಣು, ಒಣ ಅಂಜೂರ ಇಟ್ಟಳು. ಅವನು ತನ್ನ ಕತೆ ಹೇಳಿದ. ಹೆಸರು ಎಲಿಯಾಸ್ ಮನ್ಸೂರ್, ಕೆಳಗಿನ ಪಟ್ಟಣದಲ್ಲಿ ಪರದೆ ಬಟ್ಟೆಯ ಅಂಗಡಿ. ತಂದೆಯ ಅಣ್ಣನೊಬ್ಬ ಹೇಸರಗತ್ತೆಯ ಮೇಲೆ ಬಟ್ಟೆ ಮಾರುತ್ತಾ ಈ ಕಣಿವೆಗೆ ಬಂದವನು ಹಿಂತಿರುಗಲಿಲ್ಲ. ತಂದೆ ಸಾಯುವ ಮುಂಚೆ, ಅಣ್ಣ ಬಿದ್ದ ಜಾಗದಲ್ಲಿ ಒಂದು ದೀಪ ಹಚ್ಚಿ ಬಾ ಎಂದಿದ್ದ. ಎಲಿಯಾಸನಿಗೆ ಹನ್ನೆರಡು ವರ್ಷ ಪುರುಸೊತ್ತಾಗಿರಲಿಲ್ಲ. ಮೊನ್ನೆ ಹೃದಯದ ವೈದ್ಯರು ಪುರುಸೊತ್ತು ಮಾಡಿಕೊಳ್ಳಿ ಎಂದಿದ್ದರು.

"ಅವರನ್ನ ಕೊಂದದ್ದು ಯಾರು, ನಿಮಗೇನಾದ್ರೂ ಗೊತ್ತಾ ತಾಯಿ?" ಎಂದು ಕೇಳಿದ.

ಆರು ದಶಕ ಒಂದು ಪ್ರಶ್ನೆ ಕೇಳಲು ಕಾದು ಕೂತವಳಿಗೆ ಆ ಪ್ರಶ್ನೆಯೇ ಬಂದು ಎದುರಿಗೆ ಕೂತಿತು. ನಮ್ಮ ತಾತ ಎಂದುಬಿಡಲು ಅವಳು ಬಾಯಿ ತೆರೆದಿದ್ದಳಂತೆ. ಅಷ್ಟರಲ್ಲಿ ಅವನು ಪೆಟ್ಟಿಗೆ ಬಿಚ್ಚಿ, ಮಡಿಸಿದ ಬಟ್ಟೆಯ ತುಂಡೊಂದನ್ನು ತೆಗೆದ. ಅಣ್ಣತಮ್ಮಂದಿರು ಒಂದೇ ಥಾನು ಕೊಂಡು ಅರ್ಧ ಅರ್ಧ ಹಂಚಿಕೊಂಡಿದ್ದರು. ಇದು ತಮ್ಮನ ಪಾಲಿನ ಕೊನೆಯ ತುಂಡು. ಕಡುನೀಲಿ ಬಟ್ಟೆ, ಅದರ ಮೇಲೆ ಬಟಾಣಿ ಗಾತ್ರದ ಹಳದಿ ನಕ್ಷತ್ರಗಳು.

ಎರ್ಮಿಂದಾ ಅದನ್ನು ಬಿಡಿಸಿ ಮಡಿಲ ಮೇಲೆ ಹಾಸಿಕೊಂಡಳು. ತುಂಬ ಹೊತ್ತು ನೋಡಿದಳು.

"ಇದು ನಂಗೊತ್ತು" ಎಂದಳು. "ನಮ್ಮನೇಲಿ ಇಲ್ಲ. ಆದ್ರೆ ಗೊತ್ತು."

ಅವಳ ಮನೆ ಎತ್ತರದಲ್ಲಿದೆ ಎಂದೆನಲ್ಲ. ಚಳಿಗಾಲ ಮುಗಿದು ಬಿಸಿಲು ಬಿದ್ದ ದಿನ ನಮ್ಮೂರಿನ ಎಲ್ಲ ಮನೆಯವರೂ ಹಳೇ ಕೌದಿಗಳನ್ನು ಒಗೆದು ಹಿತ್ತಲಲ್ಲಿ ಹರವುತ್ತಾರೆ. ಪ್ರತಿ ಕೌದಿಯಲ್ಲೂ ಅಲ್ಲೊಂದು ಇಲ್ಲೊಂದು ನೀಲಿ ಚೌಕ, ಅದರಲ್ಲಿ ಹಳದಿ ನಕ್ಷತ್ರ. ನಾನು ಅಳಿಯನಾಗಿ ಬಂದ ಹೊಸತರಲ್ಲಿ ಇದು ಈ ಊರಿನ ಕಸೂತಿ ಸಂಪ್ರದಾಯ ಎಂದುಕೊಂಡಿದ್ದೆ. ಎರ್ಮಿಂದಾ ಹುಟ್ಟಿದಾಗಿನಿಂದ ಮೇಲಿನಿಂದ ನೋಡಿದ್ದಳು: ಕೆಳಗೆ ಮೂವತ್ತೊಂಬತ್ತು ಹಿತ್ತಲಲ್ಲಿ ನಕ್ಷತ್ರ, ತನ್ನ ಹಗ್ಗದ ಮೇಲೆ ಮಾತ್ರ ಬರೀ ಹಿಟ್ಟಿನ ಚೀಲದ ಬಟ್ಟೆ. ತಮಗೆ ಇಲ್ಲದ್ದು ಊರಿಗೆಲ್ಲ ಇದೆ ಎಂದು ಚಿಕ್ಕವಳಿದ್ದಾಗ ಅತ್ತಿದ್ದಳಂತೆ. ಕೊಂದು ದೋಚಿದವನ ಮನೆಯಲ್ಲೇ ಒಂದು ಚೂರೂ ಇಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಈಗ.

"ಏಳಿ, ಬನ್ನಿ" ಎಂದಳು. "ನೀವು ತಟ್ಟಬೇಡಿ. ತಟ್ಟಿದ್ರೆ ಇವರು ಸಾಯೋತನಕ ತೆಗೆಯಲ್ಲ. ನಾನು ಕೂಗ್ತೀನಿ."

ಅವಳು ಮೊದಲು ಕೂಗಿದ್ದು ನಮ್ಮ ಗೇಟಿನಲ್ಲಿ. ಕಾರಣವಿತ್ತು: ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಇದ್ದು, ಇನ್ನೂ ಉಳಿದಿರುವ ಜೀವ ಊರಿನಲ್ಲಿ ನನ್ನ ಅತ್ತೆಯೊಬ್ಬಳೇ.

"ಅಲೋ...! ದೋನ್ಯಾ ಕ್ಲೊರಿಂದಾ!"

ಮಂಚದ ಕೆಳಗೆ ಇಸ್ಮೇನಿಯಾ ನನ್ನ ಅಂಗಿ ಹಿಡಿದಳು. "ಅಯ್ಯೋ ದೇವರೇ, ದೆವ್ವ ಎರ್ಮಿಂದನ ದನಿ ಕಲ್ತುಬಿಟ್ಟಿದೆ!"

"ಮೇಕೆ ಕರೀತಿದಾಳೆ ಬಿಡೇ."

"ಮೇಕೆಗೆ ಯಾರಾದ್ರೂ ದೋನ್ಯಾ ಅಂತಾರೇನ್ರೀ?"

ಆಗ ಕುರ್ಚಿಯಿಂದ ಅತ್ತೆಯ ದನಿ ಬಂತು. "ಅಳಿಯಾ, ಹೊರಗೆ ಬಾ. ಮೀಸೆ ಇಟ್ಕೊಂಡು ಅಲ್ಲೇನು ಮಾಡ್ತೀಯ? ಹೋಗಿ ಅವಳನ್ನ ಒಳಗೆ ಕರಿ."

ನಾನು ಧೂಳು ಕೊಡವಿಕೊಂಡು, ಆಗಷ್ಟೇ ನಿದ್ದೆಯಿಂದೆದ್ದವನ ಹಾಗೆ ಆಕಳಿಸುತ್ತಾ ಬಾಗಿಲು ತೆರೆದೆ. ತಲೆಯ ಮೇಲೆ ಜೇಡರ ಬಲೆ ಇತ್ತಂತೆ. ಎರ್ಮಿಂದಾ ಅದನ್ನು ನೋಡಿದಳು.

ಒಳಗೆ ಬಂದು ಅವಳು ಅತ್ತೆಯ ಮುಂದೆ ಬಟ್ಟೆ ಹಿಡಿದಳು. ಅತ್ತೆಯ ಕಾಲ ಮೇಲಿನ ಕೌದಿಯಲ್ಲಿ ಅದೇ ನಕ್ಷತ್ರ, ಎಪ್ಪತ್ತು ಸಲ ಒಗೆದು ಮಾಸಿದ್ದು. ಎರಡೂ ಪಕ್ಕಪಕ್ಕ ಬಂದವು.

"ನಂಗೆ ಎಂಟು ವರ್ಷ" ಎಂದಳು ಅತ್ತೆ, ಗೋಡೆ ನೋಡುತ್ತಾ. "ಅಲ್ಲಿವರ್ಗೂ ಹೊಸ ಬಟ್ಟೆ ಹಾಕಿರ್ಲಿಲ್ಲ. ನಮ್ಮಮ್ಮ ಫ್ರಾಕ್ ಹೊಲಿದುಕೊಟ್ಳು. ಎಷ್ಟು ಚೆಂದ ಇತ್ತು ಗೊತ್ತಾ. ಊರಲ್ಲಿ ಎಲ್ಲ ಹುಡುಗೀರ್ಗೂ ಅದೇ ಫ್ರಾಕು. ನಾವು ಕುಣಿದಾಡಿಬಿಟ್ವಿ."

"ಯಾರು ದೋನ್ಯಾ?" ಎಂದಳು ಎರ್ಮಿಂದಾ.

"ಐದು ಜನ. ನಮ್ಮಪ್ಪ ಒಬ್ಬ. ಉಳಿದ ಊರೋರೆಲ್ಲ ಬಟ್ಟೇನ ಮನೆಮನೆಗೂ ಹಂಚಿಕೊಂಡ್ರು. ತಗೊಂಡ ಮೇಲೆ ಬಾಯಿ ಬಿಡೋಕಾಗುತ್ತಾ?"

"ನಮ್ಮ ತಾತ?"

"ಅವನು ಇರ್ಲೇ ಇಲ್ಲ. ಹೇಸರಗತ್ತೆ ಬೆದರಿ ತಾನಾಗೇ ಮೇಲಕ್ಕೆ ಓಡ್ತು, ನಿಮ್ಮ ಹಿತ್ತಲ ನೀರಿನ ವಾಸನೆಗೆ. ಆ ವರ್ಷ ನೀರಿದ್ದದ್ದು ನಿಮ್ಮ ಬಾವೀಲೇ. ಅವನು ಕುಡಿಸಿ ಕಟ್ಟಿಹಾಕ್ದ. ಒಡೆಯ ಬಂದು ಒಯ್ತಾನೆ ಅಂತ."

ಎಲಿಯಾಸ್ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಇಸ್ಮೇನಿಯಾ ಮಂಚದ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ ಅಳುತ್ತಿದ್ದಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?" ಎಂದೆ ನಾನು, ನ್ಯಾಯಮೂರ್ತಿಯ ಗತ್ತಿನಲ್ಲಿ.

"ಬಾಗಿಲು ತಟ್ಟಿ ಕೇಳ್ದೋನು ತುರ್ಕ ಒಬ್ಬನೇ ಕಣಯ್ಯಾ. ಅವನಿಗೆ ಬಾಗಿಲು ತೆಗೆಯೋ ಧೈರ್ಯ ನಂಗಿರ್ಲಿಲ್ಲ."

ಎರ್ಮಿಂದಾ ಕೂಗಾಡುತ್ತಾಳೆ, ಶಪಿಸುತ್ತಾಳೆ ಎಂದು ನಾನು ಕಾದೆ. ಅವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

"ಅದಕ್ಕೆ ಬಾಯಾರಿತ್ತು ಅಂದನಂತೆ ತಾತ. ನಿಜಾನಾ?"

"ನಿಜ ಕಣಮ್ಮಾ. ನಾನು ಬೇಲಿ ಮೇಲೆ ಕೂತು ನೋಡ್ತಿದ್ದೆ. ಎರಡು ಬಕೀಟು ಕುಡೀತು. ಮೂರನೇದನ್ನ ಅವನು ಅದರ ಬೆನ್ನಿಗೆ ಹಾಕಿ ತೊಳೆದ. ರಕ್ತ ಇತ್ತಲ್ಲ."

"ಎರಡು ಬಕೀಟು" ಎಂದಳು ಎರ್ಮಿಂದಾ.

ಸಂಜೆ ಅವಳೂ ಎಲಿಯಾಸನೂ ಗುಡಿಯಲ್ಲಿ ದೀಪ ಹಚ್ಚಿದರು. ಅಷ್ಟು ವರ್ಷ ಗುಡಿಸಿದ ಜಾಗದಲ್ಲಿ ಮಲಗಿದವನ ಹೆಸರನ್ನು ಅವಳು ಮೊದಲ ಸಲ ಕೇಳಿದ್ದು ಅಲ್ಲೇ: ಬಿಷಾರಾ. ನಾನು ಎಲಿಯಾಸನನ್ನು ಕೊನೇ ಬಸ್ಸಿನಲ್ಲಿ ಕೆಳಗಿಳಿಸಿದೆ. ನವೆಂಬರಿನಲ್ಲಿ, ಸತ್ತವರ ಹಬ್ಬಕ್ಕೆ, ಮತ್ತೆ ಬರುತ್ತೇನೆ, ಬಂದು ಬಾಗಿಲು ತಟ್ಟುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದ.

ಸುದ್ದಿ ಹಬ್ಬಲು ಎರಡು ದಿನ ಬೇಕಾಯಿತು. ಭಾನುವಾರದ ಪೂಜೆಯ ಹೊತ್ತಿಗೆ, ನಿಕಾನೋರ್ ನಿರಪರಾಧಿ ಎಂಬುದು ತಮಗೆ ಮೊದಲಿನಿಂದ ಗೊತ್ತಿತ್ತು ಎಂದು ಇಡೀ ಊರಿಗೆ ಗೊತ್ತಾಯಿತು. ಆ ಐದು ಜನ ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರ ಅಜ್ಜನೂ ಅದರಲ್ಲಿ ಇರಲಿಲ್ಲ. ಸೋಮವಾರ ಬೆಳಿಗ್ಗೆ ಗುಡಿಯ ಮುಂದೆ ಬಟ್ಟೆಯ ರಾಶಿ ಬಿದ್ದಿತ್ತು. ಕೌದಿಗಳಿಂದ ಹೊಲಿಗೆ ಬಿಚ್ಚಿ ತೆಗೆದ ನೀಲಿ ಚೌಕಗಳು, ದಿಂಬಿನ ಚೀಲ, ಒಂದು ಕೂಸಿನ ಅಂಗಿ. ಯಾರು ಇಟ್ಟರು ಎಂದು ಕೇಳಿದರೆ ಗಾಳಿ ತಂದಿರಬೇಕು ಎಂದರು. ನಮ್ಮ ಮನೆಯ ಕೌದಿಯಲ್ಲೂ ಏಳು ತೂತುಗಳಾದವು. ಆ ಚಳಿಗಾಲ ಅದೇ ತೂತಿನ ಕೌದಿ ಹೊದ್ದುಕೊಂಡೇ ಅತ್ತೆ ತೀರಿಕೊಂಡಳು. ಬೇರೆ ಹೊದಿಸಲು ಬಿಡಲಿಲ್ಲ.

ಎರ್ಮಿಂದಾಳ ಗೇಟಿನಲ್ಲಿ ಒಂದು ವಾರ ಜಾತ್ರೆ. "ಅಲೋ" ಎನ್ನುವವರೇನು, ಬಿಸಿ ರೊಟ್ಟಿ ತರುವವರೇನು, ಅಕ್ರೋಟು ತರುವವರೇನು. ಅವಳು ಎಲ್ಲರಿಗೂ ಚಹಾ ಕೊಟ್ಟಳು. ಎರಡನೇ ವಾರ ಜನ ತೆಳುವಾದರು, ತಿಂಗಳಾಗುವಷ್ಟರಲ್ಲಿ ಯಾರೂ ಇಲ್ಲ. ಅದಕ್ಕೂ ಮೊದಲು ಅವಳ ತಾತನ ಪಾಪದಿಂದ ಆ ಕಡೆ ಹೋಗದವರು ಈಗ ತಮ್ಮ ಅಜ್ಜಂದಿರ ಪಾಪದಿಂದ ಹೋಗುತ್ತಿರಲಿಲ್ಲ. ಅವಳ ಚಹಾದ ಲೋಟ ಹಿಡಿದು ಎದುರಿಗೆ ಕೂತು ಏನು ಮಾತಾಡುವುದು? ಹವಾಮಾನ ಎಷ್ಟು ಹೊತ್ತು ಬಂದೀತು? ಗಿಣ್ಣನ್ನು ಮತ್ತೆ ನಾನೇ ಹಂಚಿದೆ.

"ಮೇಕೆಗಳೇ ವಾಸಿ" ಎಂದಳು ಒಂದು ಬೆಳಿಗ್ಗೆ. "ಅವಕ್ಕೆ ನಾಚಿಕೆ ಇಲ್ಲ."

ನವೆಂಬರಿನಲ್ಲಿ ಎಲಿಯಾಸ್ ಬರಲಿಲ್ಲ. ಅವನ ಮಗಳು ಒಂದು ಕಬ್ಬಿಣದ ಫಲಕವನ್ನೂ ನಾಲ್ಕು ಸಾಲಿನ ಪತ್ರವನ್ನೂ ನನ್ನ ಬಸ್ಸಿಗೆ ಹಾಕಿದಳು. ಅಪ್ಪನ ಹೃದಯ ಸೆಪ್ಟೆಂಬರಿನಲ್ಲೇ ನಿಂತಿತು ಎಂದು. ಫಲಕದಲ್ಲಿ "ಬಿಷಾರಾ ಮನ್ಸೂರ್, ಬಟ್ಟೆ ವ್ಯಾಪಾರಿ" ಎಂದಿತ್ತು. ಎರ್ಮಿಂದಾ ಅದನ್ನು ಗುಡಿಗೆ ಬಡಿದು, ಕೆಳಗೆ ಮೊಳೆಯಿಂದ ತಾನೇ ಗೀಚಿದಳು: "ಇವನ ಹೇಸರಗತ್ತೆಗೆ ನೀರು ಕೊಟ್ಟವನು ನಿಕಾನೋರ್ ತಾಬಿಲೊ." ಅಕ್ಷರಗಳು ಸೊಟ್ಟಗಿವೆ, ಆದರೆ ಆಳವಾಗಿವೆ.

ಅದಾದ ವಾರ ಅವಳು ನನ್ನ ಕೈಯಲ್ಲಿ ಪಟ್ಟಣದಿಂದ ಒಂದು ವಸ್ತು ತರಿಸಿದಳು. ಬಾಗಿಲಿಗೆ ಹಾಕುವ ಬಡಿಬಳೆ. ಒಳ್ಳೇ ತೂಕದ ಕಬ್ಬಿಣದ್ದು, ಮುಷ್ಟಿಯ ಆಕಾರದ್ದು. ನಮ್ಮೂರಿನ ಇತಿಹಾಸದಲ್ಲೇ ಮೊದಲನೆಯದು.

"ಯಾರು ತಟ್ತಾರೆ ಅಂತ ಅಕ್ಕ ಇದು?" ಎಂದೆ.

"ಯಾರಾದ್ರೂ. ಎಲಿಯಾಸ್ ಮಾತು ಕೊಟ್ಟಿದಾನಲ್ಲ."

"ಅವನು ಸತ್ತೋದ್ನಲ್ಲಕ್ಕ."

"ಅದಕ್ಕೇ" ಎಂದಳು. "ಸತ್ತೋರಿಗೆ ಈ ಊರಲ್ಲಿ ಬಾಗಿಲು ತಟ್ಟೋ ಅಭ್ಯಾಸ ಇದೆ. ಕೈ ನೋಯಿಸ್ಕೊಳ್ಳೋದು ಬೇಡ."

ನಾನೇ ಬಡಿಬಳೆಯನ್ನು ಬಾಗಿಲಿಗೆ ಕೂರಿಸಿಕೊಟ್ಟೆ. ತಿರುಪು ಸ್ವಲ್ಪ ಸಡಿಲವಾಯಿತು. ನನ್ನ ಕೆಲಸ ಅಷ್ಟೇ. ಹೊರಡುವಾಗ ಅವಳು ಒಳಗೆ ಬಾ, ಚಹಾ ಕುಡಿ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದೆ. ಇನ್ನೂ ಇಪ್ಪತ್ತು ನಿಮಿಷ ಇತ್ತು.

ಈಗ ಸಂಜೆ ಕಣಿವೆಯಿಂದ ಗಾಳಿ ಎದ್ದಾಗ ಆ ಸಡಿಲ ಮುಷ್ಟಿ ತಾನಾಗಿ ಬಡಿದುಕೊಳ್ಳುತ್ತದೆ. ಟಕ್, ಟಕ್, ಟಕ್. ಕಬ್ಬಿಣದ ಸದ್ದು, ಊರ ಕೆಳತುದಿಯವರೆಗೂ ಕೇಳುತ್ತದೆ. ನಾಯಿಗಳು ಬಾಯಿ ಮುಚ್ಚುತ್ತವೆ. ಎಲ್ಲ ತಿಳಿದಿರುವ ನಾವು, ಮೂವತ್ತೊಂಬತ್ತು ಮನೆಯ ಧೀರರು, ಮಂಚದ ಕೆಳಗೆ ಸೇರಿಕೊಳ್ಳುತ್ತೇವೆ. ಇಸ್ಮೇನಿಯಾಳ ಮೊಣಕೈ ನನ್ನ ಹೊಟ್ಟೆಗೆ ಒತ್ತುತ್ತದೆ. ಆಮೇಲೆ ಬೆಟ್ಟದ ಮೇಲೆ ಬಾಗಿಲೊಂದು ತೆರೆದ ಸದ್ದಾಗುತ್ತದೆ. ತುಂಬ ಹೊತ್ತು ಹಾಗೇ ತೆರೆದಿರುತ್ತದೆ. ಅದು ಮುಚ್ಚುವವರೆಗೆ ನಾವು ಯಾರೂ ಹೊರಗೆ ಬರುವುದಿಲ್ಲ.